ಒಳಗಿನ ಎಲೆಯ ಸುಣ್ಣ

ಮಂಗಳವಾರ, ೧೪ನೇ ತಾರೀಖು

ಪ್ರೀತಿಯ ಅತ್ತಿಗೆಗೆ ನಮಸ್ಕಾರ.

ನಿಮ್ಮ ತಮ್ಮ ಹೋಗಿ ಹನ್ನೊಂದು ತಿಂಗಳಾಯಿತು. ನಿಮ್ಮ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಎರಡರಲ್ಲೂ ಒಂದೇ ಮಾತು ಕೇಳಿದ್ದಿರಿ: “ಕೊನೆಗೆ ಅವನು ನನ್ನನ್ನು ಕೇಳಿದನಾ?” ಮೂರು ಸಲ ಬರೆಯಲು ಕೂತೆ. ಮೂರು ಸಲವೂ ನಮಸ್ಕಾರ ಅಂತ ಬರೆದು ಎದ್ದುಬಿಟ್ಟೆ.

ಸೊಪ್ಪು ಬೆಳೆಯುವ ಗಾಜಿನ ಮನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದೇನೆ. ನನ್ನ ಪಾಲಿಗೆ ಲೆಟ್ಯೂಸಿನ ಒಂದು ಕೋಣೆ. ಹೋದ ತಿಂಗಳು ಗಿಡಗಳ ಒಳಗಿನ ಎಳೆ ಎಲೆಗಳ ಅಂಚು ಸುಟ್ಟ ಹಾಗೆ ಕಂದಿತು. ಹೊರಗಿನ ದೊಡ್ಡ ಎಲೆಗಳು ಮಾತ್ರ ಗಟ್ಟಿಮುಟ್ಟು. ಪಾಪ, ಹೊಟ್ಟೆಗೆ ಸಾಲುತ್ತಿಲ್ಲ ಅಂದುಕೊಂಡು ಯಾರಿಗೂ ಹೇಳದೆ ಗೊಬ್ಬರದ ನೀರು ಹೆಚ್ಚಿಸಿದೆ. ತಣ್ಣನೆ ಗಾಳಿ ತಾಗದಿರಲಿ ಎಂದು ಕಿಟಕಿಗಳನ್ನೂ ಮುಚ್ಚಿದೆ. ಕಲೆ ಇನ್ನೂ ಹೆಚ್ಚಿತು.

ಮೇಸ್ತ್ರಿ ನೋಡಿ, “ಏನಮ್ಮಾ, ಗಿಡಕ್ಕೆ ಬಾಣಂತನ ಮಾಡ್ತಿದ್ದೀರಾ? ಕಿವಿಗೆ ಹತ್ತಿ ಇಡೋದೊಂದು ಬಾಕಿ!” ಎಂದು ನಕ್ಕರು.

ಎಲೆ ಪರೀಕ್ಷೆ ಮಾಡುವ ಹುಡುಗಿ ನಗಲಿಲ್ಲ. ಹೊರಗಿನ ಎಲೆ, ಒಳಗಿನ ಎಲೆ ಬೇರೆ ಬೇರೆಯಾಗಿ ಒಣಗಿಸಿ, ಸುಟ್ಟು ಬೂದಿ ಮಾಡಿ ಅಳೆದಳು. ಒಂದೇ ಗಿಡ. ಹೊರಗಿನದರಲ್ಲಿ ಸುಣ್ಣದ ಅಂಶ ಬೇಕಾದಷ್ಟು, ಒಳಗಿನದರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು. ಅಂಚು ಸುಟ್ಟಿದ್ದು ಅದಕ್ಕೇ ಅಂದಳು.

“ಬೇರಿನ ಹತ್ರ ಸುಣ್ಣಕ್ಕೇನೂ ಬರ ಇಲ್ಲ ಆಂಟಿ. ಅದು ನೀರಿನ ಜೊತೆ ಮೇಲೆ ಬರಬೇಕು. ಎಲೆ ಇದ್ದ ನೀರನ್ನ ಗಾಳಿಗೆ ಬಿಟ್ರೆ ತಾನೇ ಕೆಳಗಿಂದ ಹೊಸದು ಏರೋದು? ನೀವು ಗಾಳಿಯನ್ನೇ ಒದ್ದೆ ಬಟ್ಟೆ ಮಾಡಿಟ್ಟಿದ್ದೀರಿ. ಅದು ಇನ್ನೇನು ಹೀರುತ್ತೆ?”

ನಾನು ನಂಬಲಿಲ್ಲ. ಅವಳು ಕಿಟಕಿ ತೆರೆದು, ಒಂದು ದೊಡ್ಡ ಎಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿದಳು. ಊಟ ಮುಗಿಸಿ ಬರುವಷ್ಟರಲ್ಲಿ ಚೀಲದ ಒಳಗೆಲ್ಲ ಹನಿ! ಅತ್ತಿಗೆ, ನನಗೆ ಮೈ ಜುಮ್ಮೆಂದಿತು. ಅಷ್ಟು ಸುಮ್ಮನೆ ನಿಂತಿರುವ ಜೀವ ದಿನವಿಡೀ ಸದ್ದಿಲ್ಲದೆ ನೀರೆತ್ತುತ್ತಿದೆ. ಸುತ್ತಲಿನ ಗಾಳಿ ಹೇಗಿತ್ತು ಅನ್ನುವುದು ಅದರ ಬೂದಿಯಲ್ಲೂ ಉಳಿಯುತ್ತದೆ. ಇಷ್ಟು ವರ್ಷ ಸೊಪ್ಪು ಹೆಚ್ಚಿದ ಕೈ ನನ್ನದು, ಒಂದು ದಿನವೂ ಗೊತ್ತಾಗಲಿಲ್ಲವಲ್ಲ!

ಗೊಬ್ಬರ ಮೊದಲಿನ ಅಳತೆಗೆ ಇಳಿಸಿ ಫ್ಯಾನ್ ಹಾಕಿದೆವು. ಹನ್ನೆರಡು ದಿನಕ್ಕೆ ಬಂದ ಹೊಸ ಎಲೆಗಳಲ್ಲಿ ಒಂದೂ ಕಲೆಯಿಲ್ಲ. ಸುಟ್ಟವು ಮಾತ್ರ ಹಾಗೇ ಇವೆ. ಅವು ಸರಿಹೋಗುವುದಿಲ್ಲವಂತೆ.

ನಿಮ್ಮ ಮೊಣಕಾಲು ನೋಡಿಕೊಳ್ಳಿ. ಮಕ್ಕಳು ನೂರು ಕಾಲ ಚೆನ್ನಾಗಿರಲಿ.

ನಿಮ್ಮ ತಮ್ಮನ ಮನೆಯವಳು

ಇನ್ನೊಂದು ಮಾತು: ಕಾಯಿಲೆಯವರಿಗೆ ಗಾಳಿ ತಾಗಬಾರದು, ಮಾತಾಡಿ ದಣಿಯಬಾರದು ಎಂದು ನಿಮ್ಮ ತಮ್ಮನ ಕೋಣೆ ಮುಚ್ಚಿಟ್ಟಿದ್ದೆ. ಹೊತ್ತುಹೊತ್ತಿಗೆ ಊಟ, ಮಾತ್ರೆ, ಯಾವುದಕ್ಕೂ ಕಮ್ಮಿ ಮಾಡಲಿಲ್ಲ. ಆ ಭಾನುವಾರ ನೀವು ಬಂದಾಗ ಮಲಗಿದ್ದಾರೆ ಎಂದು ಬಾಗಿಲಿಂದಲೇ ಕಳಿಸಿದೆ. ಅವರು ಎದ್ದೇ ಇದ್ದರು. “ಅಕ್ಕನ ದನಿ ಅಲ್ವಾ ಅದು?” ಎಂದರು. ಪಕ್ಕದ ಮನೆಯವರು ಎಂದೆ. ಸಂಜೆಯವರೆಗೂ ಬಾಗಿಲ ಕಡೆಗೇ ಮುಖ ಮಾಡಿಕೊಂಡಿದ್ದರು.

ಕೇಳಿದರು, ಅತ್ತಿಗೆ.