ಚಮಚದಲ್ಲಿ ರೇಷ್ಮೆಗೂಡು

ಶಿಡ್ಲಘಟ್ಟ, ಭಾನುವಾರ

ಪ್ರೀತಿಯ ಅಜ್ಜ,

ಇಲ್ಲಿನ ಕಾಲೇಜಿನಲ್ಲಿ 1890ರ ಕಾಲದ ಮಾದರಿಯಲ್ಲೇ ಕ್ರೀಡಾಕೂಟ ನಡೆಸಿದರು. ಆಗ ಚಮಚದಲ್ಲಿ ಮೊಟ್ಟೆ ಇಟ್ಟುಕೊಂಡು ಓಡುತ್ತಿದ್ದರಂತೆ. ಇದು ರೇಷ್ಮೆಯ ಊರಲ್ಲವೇ, ನಮಗೆ ರೇಷ್ಮೆಗೂಡು ಕೊಟ್ಟರು!

"ಎದುರುಗಾಳಿ ಐತೆ, ಗೂಡು ಹಾರೋಗ್ತದೆ ಕಣೇ," ಎಂದಳು ಪಕ್ಕದಲ್ಲಿದ್ದ ಈ ಊರಿನ ನಾಹಿದ್. ನಾನು ನಕ್ಕೆ. ಸೀಟಿ ಊದಿದ್ದೇ ತಡ, ಅವಳು ಗಾಳಿಗೆ ಬೆನ್ನು ಕೊಟ್ಟು, ಚಮಚವನ್ನು ಎದೆಯ ಮರೆಯಲ್ಲಿ ಹಿಡಿದುಕೊಂಡು ಹಿಮ್ಮುಖವಾಗಿ ಓಡಿದಳು. ನನ್ನ ಗೂಡು ಹಾರಿಹೋಯಿತು, ಹಿಡಿಯಲು ಹೋಗಿ ಬಿದ್ದೆ.

ನಾನು ಜಗಳಕ್ಕೆ ನಿಂತೆ. "ಮುಖ ಯಾವ ಕಡೆ ಇರ್ಬೇಕು ಅಂತ ರೂಲ್ಸಲ್ಲಿಲ್ಲಮ್ಮ," ಎಂದುಬಿಟ್ಟರು ತೀರ್ಪುಗಾರರು. ಬಹುಮಾನದ ಕೊಡೆ ಅವಳ ಪಾಲಾಯಿತು.

ಮಂಡಿ ತರಚಿದೆ, ಅಷ್ಟೇ. ನಾನು ಕಾಯುತ್ತಿದ್ದ ಬಸ್ಸು ಬಂತು, ಕೊನೆಗೆ ಒಂದೇ ಮಾತು: ಓಡುವಾಗ ಹಿಂದೆ ನೋಡಿದರೆ ಸೋಲುತ್ತೀ ಎಂದು ಬೈಯುತ್ತಿದ್ದಿರಲ್ಲ, ಅವಳು ಕೊನೆಯವರೆಗೂ ನನ್ನ ಮುಖ ನೋಡುತ್ತಲೇ ಗೆದ್ದಳು!

ನಿಮ್ಮ ಶ್ರಾವ್ಯಾ