ಕೆಳಗಿನವರ ಲೋಟ

ಎರೆಹಾಳು,
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ತೊಂಬತ್ತೊಂದು

ಹಳ್ಳದ ಮೇಲಿನವರಿಗೂ ಕೆಳಗಿನವರಿಗೂ ಹೊನ್ನೂರಮ್ಮನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಇಂಥ ದಿನ ಇಲ್ಲವೆಂಬುದು ನನಗೂ ಗೊತ್ತು. ಜಗತ್ತಿನ ಯಂತ್ರಗಳೆಲ್ಲ ವರ್ಷಕ್ಕೊಮ್ಮೆಯಾದರೂ ಒಟ್ಟಿಗೆ ಸುಮ್ಮನಿರಲಿ ಎಂದು ನಾವು ಇದನ್ನು ಫೆಬ್ರವರಿಯ ಬಾಲಕ್ಕೆ ಕಟ್ಟಿಕೊಂಡೆವು; ತಂಪುದಿನ ಎನ್ನುತ್ತೇವೆ. ಮುಂದೆಯೂ ಇಂಥ ಪದಗಳು ಅನ್ನದೊಳಗಿನ ಕಲ್ಲಿನಂತೆ ಹಲ್ಲಿಗೆ ಸಿಕ್ಕಬಹುದು, ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಕಾಗದಪತ್ರಗಳಿಂದ ಕಲಿತವಳು ನಾನು.

ಮೊದಲು ಸಮಾಧಾನದ ಮಾತು. ನಾವು ಬದುಕಿದ್ದೇವೆ. ನಮ್ಮ ಬಗ್ಗೆ ನೀವು ಬರೆದಿಟ್ಟ ಭಯದ ಬರಹಗಳನ್ನೆಲ್ಲ ಓದಿದ್ದೇನೆ. ಕೆಲವು ನಿಜವಾದವು, ಹಲವು ಆಗಲಿಲ್ಲ. ಬಿಸಿಲು ನಿಮ್ಮದಕ್ಕಿಂತ ಕೆಟ್ಟದ್ದು. ಅದಕ್ಕೇ ನಮ್ಮ ಕೆಲಸ ಎಳೆಬಿಸಿಲಿಗೆ ಶುರುವಾಗಿ ನೆತ್ತಿ ಸುಡುವುದರೊಳಗೆ ಮುಗಿಯುತ್ತದೆ. ಬೀದಿಗಳ ಮೇಲೆಲ್ಲ ದಪ್ಪ ಬಟ್ಟೆಯ ಚಪ್ಪರ ಹಾಕಿದ್ದೇವೆ, ಅವಕ್ಕೆ ನೆರಳುಬೀದಿ ಎಂದು ಹೆಸರು. ಆ ಬಟ್ಟೆ ಬೇರೇನಲ್ಲ, ನೀವು ಎಸೆದ ಜೀನ್ಸ್ ಪ್ಯಾಂಟುಗಳು. ಬಿಚ್ಚಿ ಜೋಡಿಸಿ ಹೊಲಿದಿದ್ದೇವೆ, ಇನ್ನೂ ಹರಿದಿಲ್ಲ. ಸಂಜೆ ಅದರಡಿ ಕೂತು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತೇವೆ. ಅದೂ ಉಳಿದಿದೆ, ಚಿಂತೆ ಬೇಡ.

ನಮ್ಮ ಹಳ್ಳದ ಮೇಲಿನ ಊರು ಹಿರೇಕೊಳ. ನಿಮ್ಮ ಕಾಲದಿಂದಲೂ ಅಲ್ಲಿ ಪ್ಯಾಂಟು ಹೊಲಿದು, ತೊಳೆದು, ಬಣ್ಣ ಇಳಿಸಿ ದೇಶಾಂತರಕ್ಕೆ ಕಳಿಸುತ್ತಾರೆ. ಕೆಳಗಿನ ಊರು ನಮ್ಮ ಎರೆಹಾಳು. ಅವರು ಅನ್ನಕ್ಕಾಗಿ ಇಳಿಸಿದ ಬಣ್ಣ ನಮ್ಮ ಬಿಂದಿಗೆಗೆ ಬರುತ್ತಿತ್ತು. ನಿಲ್ಲಿಸಿ ಎಂದರೆ ಅವರ ಒಲೆ ಆರುತ್ತದೆ, ನಡೆಯಲಿ ಎಂದರೆ ನಮ್ಮ ಮಕ್ಕಳ ಹೊಟ್ಟೆ ಕೆಡುತ್ತದೆ. ಹಿರೇಕೊಳ ಒಂದು ದಿನ ಕೆಲಸ ನಿಲ್ಲಿಸಿದರೆ ಕೊಳ್ಳುವವನು ಮರುದಿನವೇ ಇನ್ನೊಂದು ಬಡ ದೇಶದ ಇನ್ನೊಂದು ಹಳ್ಳ ಹುಡುಕುತ್ತಿದ್ದ. ಬಡವರ ಜಗಳವೆಲ್ಲ ಬಡವರೊಂದಿಗೇ ಮುಗಿಯುತ್ತಿದ್ದ ಕಾಲ ಅದು.

ಅದನ್ನು ತಿರುಗಿಸಿದ್ದು ಒಂದು ಸ್ಟೀಲ್ ಲೋಟ. ನಿಮ್ಮ ಕಾಲದ ಯಾರೋ ಹೆಂಗಸು ಹಳ್ಳದ ನೀರನ್ನು ಲೋಟದಲ್ಲಿ ತುಂಬಿ ತಂದು, ಬಣ್ಣದ ಕಾರ್ಖಾನೆಯ ಯಜಮಾನನ ಮುಂದಿಟ್ಟು, ಕುಡಿಯಿರಿ ಎಂದಳಂತೆ. ಅಂದಿನಿಂದ ಅದು ಪದ್ಧತಿ. ಪ್ರತಿ ಅಮಾವಾಸ್ಯೆಗೆ ಕೆಳಗಿನವರು ತುಂಬಿ ಕೊಡಬೇಕು, ಮೇಲಿನವರು ಎಲ್ಲರೆದುರು ಕುಡಿಯಬೇಕು. ಕುಡಿಯಲಾರೆ ಎಂದರೆ ಅವಮಾನವಿಲ್ಲ. ನೀರು ತಿಳಿಯಾಗುವ ತನಕ ಯಂತ್ರ ನಿಲ್ಲಿಸಬೇಕು, ಅಷ್ಟೇ. ಆ ದಿನಗಳಿಗೆ ಕೆಲಸಗಾರರಿಗೆ ಬಿಡುವುಗೂಲಿ ಸಲ್ಲುತ್ತದೆ, ಅದನ್ನು ಪ್ಯಾಂಟು ತೊಡುವ ದೇಶಗಳೇ ಕೊಡುತ್ತವೆ. ಪುಣ್ಯಕ್ಕೆ ಕೊಡುತ್ತಾರೆ ಎಂದುಕೊಳ್ಳಬೇಡಿ. ನಮ್ಮಂಥ ಹೊಲಿಗೆ ಊರುಗಳು ಸಮುದ್ರದ ಆಚೆಗೂ ಈಚೆಗೂ ಸೇರಿ ಒಂದು ಮಾತು ಕಟ್ಟಿಕೊಂಡೆವು: ನೀರಿಗಾಗಿ ಒಬ್ಬರು ಇಳಿಸಿದ ಕೆಲಸದ ಹೊರೆಯನ್ನು ಇನ್ನೊಬ್ಬರು ಎತ್ತಬಾರದು. ಬೇರೆ ಹಳ್ಳ ಸಿಗದೆ ಹೋದಾಗ ಕೊಳ್ಳುವವರಿಗೂ ಬುದ್ಧಿ ಬಂತು.

ಇನ್ನು ನಮ್ಮ ದಡ್ಡತನ ಕೇಳಿ. ನಾವು ಏನನ್ನಾದರೂ ಗೌರವಿಸಲು ಹೊರಟರೆ ಮೊದಲು ಅದಕ್ಕೆ ಕುಂಕುಮ ಹಚ್ಚುತ್ತೇವೆ. ನನ್ನಜ್ಜಿಯ ಕಾಲಕ್ಕೆ ಸ್ಟೀಲ್ ಲೋಟ ಗಾಜಿನ ಪೆಟ್ಟಿಗೆ ಸೇರಿತ್ತು, ಬೆಳ್ಳಿಯದು ಹೊರಗೆ ಬಂದಿತ್ತು. ಹಳ್ಳದ ನೀರಿಗೆ ತುಳಸಿ ಬಿತ್ತು, ಆಮೇಲೆ ಏಲಕ್ಕಿ. ಕುಡಿಯುವುದು ಹೋಗಿ, ಒಂದು ಉದ್ಧರಣೆ ಅಂಗೈಗೆ ಬಿಟ್ಟುಕೊಂಡು ಕಣ್ಣಿಗೊತ್ತಿಕೊಳ್ಳುವುದು ಬಂತು. ಕೊನೆಗೆ ನೀರೂ ಮನೆಯ ಕೊಡದ್ದೇ. ತೀರ್ಥ ತೆಗೆದುಕೊಂಡು ಎಲ್ಲರೂ ಪುನೀತರಾಗಿ ತಿರುಗಿ ನೋಡಿದರೆ ಹಳ್ಳ ಮತ್ತೆ ನೀಲಿ. ಆ ವರ್ಷ ಎರೆಹಾಳಿನಲ್ಲಿ ಮಕ್ಕಳು ಸತ್ತರು. ಅದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಬೆಳ್ಳಿ ಲೋಟ ಕರಗಿಸಿ, ಹಳೆಯದನ್ನೇ ಹೊರತೆಗೆದರು.

ನಿನ್ನೆ ಅಮಾವಾಸ್ಯೆ. ಲೋಟ ತುಂಬುವ ಸರದಿ ನನ್ನದು. ಕುಡಿಯಬೇಕಾದವನು ಹಿರೇಕೊಳದ ಕಾರ್ಖಾನೆಯ ಹಿರಿಯ ಗಾದಿಲಿಂಗಪ್ಪ. ನನ್ನ ಒಡಹುಟ್ಟಿದ ಅಣ್ಣ; ನನ್ನ ತವರು ಹಿರೇಕೊಳವೇ. ಈ ಬಾರಿ ಬಂದ ಕೆಲಸಕ್ಕೆಲ್ಲ ಅವನು ಹೂಂ ಎಂದಿದ್ದ. ನೀರನ್ನು ಸೋಸುವ ಜೊಂಡಿನ ಮಡಿಗಳಿಗೆ ಉಸಿರಾಡಲು ಬಿಟ್ಟಿರಲಿಲ್ಲ. ಹಳ್ಳಕ್ಕಿಳಿದಾಗಲೇ ನೀರಿನ ಅಂಚಿನಲ್ಲಿ ನೀಲಿ ಎಳೆ ಕಂಡಿತು. ಅತ್ತಿಗೆ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು: "ಮನಿ ಕೊಡದಾಗಿನ ನೀರು ತಂದುಬಿಡವ್ವ, ಯಾರು ನೋಡ್ತಾರ? ಅಣ್ಣನ ಮಾನ ನಿನ್ನ ಕೈಯಾಗೈತಿ." ತವರಿನ ಬಾಗಿಲು ಮುಚ್ಚಿದರೆ ಹೆಣ್ಣಿಗೆ ಇನ್ನೆಲ್ಲಿ ನೆರಳು? ಯಾವ ಕಾಲಕ್ಕೂ ಅದೊಂದು ಬದಲಾಗಿಲ್ಲ. ಆದರೂ ಹಳ್ಳದಲ್ಲೇ ಮುಳುಗಿಸಿ ತುಂಬಿದೆ.

ಅಣ್ಣ ಲೋಟವನ್ನು ಬೆಳಕಿಗೆ ಹಿಡಿದ. ಅವನ ಹಿಂದೆ ಹಿರೇಕೊಳದ ಕೆಲಸಗಾರರೆಲ್ಲ ನಿಂತಿದ್ದರು. ಒಂದು ಗುಟುಕು ಕುಡಿದು ಮೀಸೆ ಒರೆಸಿಕೊಂಡಿದ್ದರೆ ಅವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಅವನು ನನ್ನ ಮುಖ ನೋಡಿದ.

"ನಿನ್ನ ಮಕ್ಳು ಇದನ್ನ ಕುಡಿತಾರೇನು?"

"ಅವ್ರು ಕುಡಿಯೋದು ಇದನ್ನೇ ಅಣ್ಣ," ಎಂದೆ.

ಅವನು ಕುಡಿಯಲಿಲ್ಲ. ಮೊದಲು ಯಂತ್ರ ನಿಲ್ಲಿಸಲು ಹೇಳಿ, ಆಮೇಲೆ ತಾನೇ ಲೋಟ ತೊಳೆದು ನನ್ನ ಕೈಗಿಟ್ಟು, "ಯುಗಾದಿಗೆ ಬರಾದು ಮರೀಬ್ಯಾಡವ್ವ," ಎಂದ. ಅತ್ತಿಗೆ ಮಾತಾಡಲಿಲ್ಲ. ಮಾತಾಡುತ್ತಾಳೆ, ನನಗೆ ನಂಬಿಕೆಯಿದೆ. ನಾಳೆ ಜಗತ್ತಿನ ಯಂತ್ರಗಳೆಲ್ಲ ಮತ್ತೆ ತಿರುಗುತ್ತವೆ. ಅಣ್ಣನವು ತಿರುಗುವುದಿಲ್ಲ, ಆದರೂ ಹಿರೇಕೊಳದಲ್ಲಿ ಯಾರ ಒಲೆಯೂ ಆರುವುದಿಲ್ಲ.

ಆ ಲೋಟ ಈಗ ನನ್ನ ಮುಂದಿದೆ. ನಿಮ್ಮಲ್ಲಿ ಪಾತ್ರೆಗಳ ಮೇಲೆ ಹೆಸರು ಕೆತ್ತಿಸುವ ರೂಢಿ ಇತ್ತಲ್ಲ, ಇದರ ಮೇಲೂ ಕೆತ್ತಿದ್ದಾರೆ. ಇಷ್ಟು ಕೈಗಳು ಉಜ್ಜಿ ತೊಳೆದು ಹೆಸರೆಲ್ಲ ಸವೆದಿದೆ, ಕೊನೆಯ 'ಮ್ಮ' ಒಂದೇ ಉಳಿದಿದೆ. ನಮ್ಮ ಸೀಮೆಯಲ್ಲಿ ಅಮ್ಮ ಎಂದು ಮುಗಿಯದ ಹೆಣ್ಣು ಹೆಸರು ಎಲ್ಲಿದೆ? ಹೀಗಾಗಿ ಆಕೆ ಯಾರೆಂದು ಹುಡುಕುವುದನ್ನು ನಾವು ಬಿಟ್ಟೆವು.

ಆದರೆ ಲೆಕ್ಕ ಹಾಕಿ ನೋಡಿದರೆ ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ಆಕೆ ಇನ್ನೂ ಹಳ್ಳಕ್ಕೆ ಇಳಿದಿರುವುದಿಲ್ಲ. ಲೋಟ ಯಾರದೋ ಮನೆಯ ಅಡುಗೆಮನೆಯಲ್ಲಿ ಬೋರಲು ಬಿದ್ದಿರುತ್ತದೆ, ಹೆಸರು ಪೂರ್ತಿ ಓದಲು ಬರುತ್ತಿರುತ್ತದೆ. ಎದ್ದು ನೋಡಿ ತಾಯೀ, ಅದು ನಿಮ್ಮದೇ ಇರಬಹುದು. ತೆಗೆದುಕೊಂಡು ಹೊರಡಿ. ನಾವು ಕೆಳಗಿದ್ದೇವೆ.

ಇತಿ,
ಹೊನ್ನೂರಮ್ಮ