ಯಾವ ನರ ಎಂದು ಕೇಳಿದ ತಪ್ಪಿಗೆ

ಆಸ್ಪತ್ರೆಯ ಅಧೀಕ್ಷಕರ ಕುರ್ಚಿಯಲ್ಲಿರುವ ಮಾನ್ಯರೇ,

ನನ್ನ ತಂಗಿಯ ಎಡಗಾಲಿಗಾಗಿ ನಿಮ್ಮಲ್ಲಿ ಆದ ಒಟ್ಟು ಖರ್ಚು: ಹನ್ನೊಂದು ದಿನ, ಮೂರು ಟೋಕನ್, ಎರಡು ಬಣ್ಣದ ಮಾತ್ರೆ, ನರರೋಗ ವಿಭಾಗಕ್ಕೆ ಒಂದು ಚೀಟಿ. ಇಷ್ಟರಲ್ಲಿ ನಿಮ್ಮ ವೈದ್ಯರು ಕೇಳಿದ ಪ್ರಶ್ನೆ ಒಂದೇ: "ಎಷ್ಟು ದಿನದಿಂದ?" ಎರಡನೆಯ ಪ್ರಶ್ನೆ ಕೇಳಿದವರು ನಿಮ್ಮ ಆಸ್ಪತ್ರೆಯ ಒಬ್ಬ ನರ್ಸ್, ಅದೂ ಮೊಬೈಲಿನಲ್ಲಿ. ಆ ತಪ್ಪಿಗೆ ಅವರಿಗೆ ಕಾರಣ ಕೇಳಿ ನೋಟಿಸ್ ಕೊಟ್ಟಿದ್ದೀರಿ. ಸೋಮವಾರ ವಿಚಾರಣೆಯಂತೆ, ಕೆಲಸವೇ ಹೋಗಬಹುದಂತೆ. ಟೋಕನ್ ಕಿಟಕಿಯ ಮೇಲೆ ಹೊಸ ಫಲಕವೂ ಬಂದಿದೆ: "ಅಂತರ್ಜಾಲ ನೋಡಿ ಬಂದು ವೈದ್ಯರೊಂದಿಗೆ ವಾದಿಸಬಾರದು."

ವಾದಿಸೋಣ.

ತಂಗಿ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ದಿನಕ್ಕೆ ಹತ್ತು ಗಂಟೆ ಗೂಡಿನಂಥ ಕೋಣೆಯಲ್ಲಿ ಕೂತಲ್ಲೇ ಕೂತಿರಬೇಕು. ಮೀನಖಂಡ ಊದಿಕೊಂಡಾಗ ನಿಮ್ಮಲ್ಲಿಗೆ ಬಂದು "ನರ ಹಿಡ್ಕೊಂಡಿದೆ ಸಾರ್" ಎಂದಳು. ವೈದ್ಯರು ತಲೆ ಎತ್ತದೆ 'ನರ' ಎಂದು ಬರೆದುಕೊಂಡರು. ಕಾಲು ಮೇಜಿನ ಕೆಳಗಿತ್ತು, ಅಲ್ಲೇ ಉಳಿಯಿತು. ಅವಳನ್ನು ದೂರಲೇ? ನಮ್ಮ ಮಾತಿನಲ್ಲಿ ಜುಮ್ಮೆನ್ನುವುದೂ ನರ, ರಕ್ತ ಹರಿಯುವುದೂ ನರ, ಸೆಟೆದುಕೊಳ್ಳುವುದೂ ನರ. ನಿಮ್ಮ ವಾರ್ಡಿನಲ್ಲೇ ಡ್ರಿಪ್ ಹಾಕುವಾಗ ಸೂಜಿ ಹಿಡಿದವರು "ನರ ಸಿಗ್ತಿಲ್ವಲ್ಲ" ಎಂದು ಗೊಣಗುವುದಿಲ್ಲವೇ? ಆಗ ಯಾರೂ ಆ ಕೈಯನ್ನು ನರರೋಗ ವಿಭಾಗಕ್ಕೆ ಕಳಿಸಿದ್ದನ್ನು ನಾನು ಕಂಡಿಲ್ಲ.

ಮೂರನೇ ಸಲ ಬರೀ ಚೀಟಿ ಹಿಡಿದು ಬಂದವಳ ಕಾಲನ್ನು ಉಜ್ಜಿಬಿಡೋಣವೆಂದು ನಾನು ಎಣ್ಣೆ ಬಿಸಿ ಮಾಡಿದೆ.

"ಅಕ್ಕಾ, ತಡಿ. ಗ್ರೂಪಲ್ಲಿ ಒಂದ್ಮಾತು ಕೇಳ್ತೀನಿ."

"ಕೇಳಮ್ಮಾ, ಕೇಳು. ಅವರು ಮೊಬೈಲಿಂದ ಕೈ ಹೊರಗೆ ಹಾಕಿ ನಿನ್ನ ಕಾಲು ಒತ್ತುತ್ತಾರೆ."

ಅದು ಕೂತು ಕೆಲಸ ಮಾಡುವ ಹೆಂಗಸರ ವಾಟ್ಸಾಪ್ ಗುಂಪು, ನೂರ ಅರವತ್ತು ಜನ. ಅಲ್ಲಿ ಕಸವಿಲ್ಲವೆಂದು ನಾನು ಹೇಳುವುದಿಲ್ಲ. ಒಬ್ಬಳು ಬಿಸಿ ಇಟ್ಟಿಗೆ ಕಟ್ಟು ಎಂದಳು, ಇನ್ನೊಬ್ಬಳು ಆಗಲೇ ಪುಡಿಯೊಂದನ್ನು ಮಾರಲು ಶುರುಮಾಡಿದ್ದಳು. ಅವರ ನಡುವೆ, ಸಲಹೆಗೆಂದು ಗುಂಪಿನಲ್ಲಿದ್ದ ನಿಮ್ಮ ನರ್ಸಮ್ಮನ ದನಿ ಬಂತು: "ಯಾವ ನರ ಕಣಮ್ಮಾ? ಒಂದೇ ಕಾಲಾ, ಎರಡೂನಾ? ಮುಟ್ಟಿದ್ರೆ ಬಿಸಿ ಇದ್ಯಾ?" ತಂಗಿ ಒಂದೇ ಕಾಲು, ಬಿಸಿ ಇದೆ ಎಂದಳು. "ಯಾರೂ ಉಜ್ಜಬೇಡಿ! ಎಣ್ಣೆ ಪಕ್ಕಕ್ಕಿಡಿ. ಈಗಲೇ ತುರ್ತು ವಿಭಾಗಕ್ಕೆ ಹೋಗಿ. ನರ ಅನ್ಬೇಡಿ, ರಕ್ತನಾಳ ಅನ್ನಿ."

ಎಣ್ಣೆಯ ಸುದ್ದಿಯನ್ನು ನಾವು ಹೇಳಿಯೇ ಇರಲಿಲ್ಲ. ನಮ್ಮಂಥವರನ್ನು ಅವರು ಬಲ್ಲರು.

ನಿಮ್ಮ ತುರ್ತು ವಿಭಾಗದಲ್ಲೇ ಸ್ಕ್ಯಾನ್ ಮಾಡಿದರು. ಮೊಣಕಾಲಿನಿಂದ ತೊಡೆಯವರೆಗೆ ರಕ್ತ ಹೆಪ್ಪುಗಟ್ಟಿತ್ತು. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಮೊದಲು ಕೇಳಿದ್ದು, "ಉಜ್ಜಿದ್ರಾ?" ಇಲ್ಲವೆಂದೆ. "ಬದುಕಿದ್ರಿ. ಆ ಹೆಪ್ಪು ಕಿತ್ಕೊಂಡು ಶ್ವಾಸಕೋಶಕ್ಕೆ ಹೋಗಿದ್ರೆ ನಮ್ ಕೈಲೂ ಏನಿರ್ತಿರ್ಲಿಲ್ಲ" ಎಂದರು.

ನಾನು ಇಸ್ತ್ರಿ ಪೆಟ್ಟಿಗೆಯೊಂದರಿಂದ ಶುರುಮಾಡಿ ಲಾಂಡ್ರಿ ಕಟ್ಟಿದವಳು. ಗಿರಾಕಿ ಬಂದು "ಇದು ಚಹಾದ ಕಲೆ, ಮೊಬೈಲಲ್ಲಿ ನೋಡ್ದೆ, ನಿಂಬೆ ಹಚ್ಚಿ" ಎಂದರೆ ನನಗೂ ಮೈ ಉರಿಯುತ್ತದೆ. ಆದರೂ ಏನು ಚೆಲ್ಲಿತು, ಯಾವಾಗ ಚೆಲ್ಲಿತು ಎಂದು ಕೇಳದೆ ಬಟ್ಟೆಯನ್ನು ನೀರಿಗೆ ಹಾಕುವುದಿಲ್ಲ. ಅಂಗಿಗೆ ಸಿಗುವ ಎರಡು ಪ್ರಶ್ನೆ ಕಾಲಿಗೆ ಸಿಗಬಾರದೇ? ಜನ ಮೊಬೈಲಿನೊಳಗೆ ವೈದ್ಯರನ್ನು ಹುಡುಕುವುದು ಸೊಕ್ಕಿನಿಂದಲ್ಲ ಸ್ವಾಮಿ, ನಿಮ್ಮ ಕಿಟಕಿಯಲ್ಲಿ ಮಾತಿಗೆ ಜಾಗವಿಲ್ಲದ್ದರಿಂದ.

ಈಗ ನನ್ನ ತಪ್ಪಿನ ಲೆಕ್ಕ. ಗುಂಪಿನಲ್ಲಿ ನರ್ಸಮ್ಮ ಇರುವುದು ನಿಮಗೆ ತಿಳಿದದ್ದು ಹೇಗೆ? ನಿಮ್ಮ ಸಲಹಾ ಪುಸ್ತಕದಲ್ಲಿ, ತಂಗಿ ಮನೆಗೆ ಬರುವ ದಿನ, ಅವರಿಗೆ ಕೃತಜ್ಞತೆ ಎಂದು ಅರ್ಧ ಪುಟ ಬರೆದವಳು ನಾನೇ. ವರ್ಷಗಳಿಂದ ಅದರಲ್ಲಿದ್ದ ಶೌಚಾಲಯದ ದೂರುಗಳನ್ನು ಯಾರೂ ಓದಿರಲಿಲ್ಲ, ಬಾಗಿಲಿಗೆ ಚಿಲಕ ಇನ್ನೂ ಇಲ್ಲ. ಹೊಗಳಿಕೆಯನ್ನು ಮಾತ್ರ ನಾಲ್ಕೇ ದಿನದಲ್ಲಿ ಓದಿ ಕ್ರಮ ಕೈಗೊಂಡಿದ್ದೀರಿ! ನರ್ಸಮ್ಮನಿಗೆ ಫೋನ್ ಮಾಡಿ ಅತ್ತುಬಿಟ್ಟೆ. "ಬಿಡಕ್ಕಾ, ತಂಗಿ ಓಡಾಡ್ತಿದ್ದಾಳಾ?" ಎಂದರು.

ಆದ್ದರಿಂದ ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ಸೋಮವಾರಕ್ಕೆ ಮೊದಲು ಆ ನೋಟಿಸ್ ಹಿಂದಕ್ಕೆ ಪಡೆಯಿರಿ. ಪಡೆಯದಿದ್ದರೆ ಸಾಕ್ಷಿ ಹೇಳಲು ನಾನು ಬರುತ್ತೇನೆ, ತಂಗಿ ತನ್ನ ಎರಡೂ ಕಾಲಿನ ಮೇಲೆ ನಡೆದು ಬರುತ್ತಾಳೆ, ರಜೆ ಸಿಕ್ಕಷ್ಟು ಗುಂಪಿನವರೂ ಬರುತ್ತಾರೆ. ಕುರ್ಚಿ ಬೇಡ. ಕೂತು ಕೂತು ನಮಗೆ ಸಾಕಾಗಿದೆ.

ಇಲ್ಲಿಯವರೆಗೆ ಯಾರಿಗೆ ಏನು ಸಿಕ್ಕಿತು? ತಂಗಿಗೆ ಜೀವ. ನನಗೆ ತಂಗಿ. ನಿಮಗೆ ಒಂದು ಫಲಕ. ನರ್ಸಮ್ಮನಿಗೆ ಒಂದು ನೋಟಿಸ್.

ಇಂತಿ,
ಇನ್ನು ಮುಂದೆ ಮೆಚ್ಚುಗೆಯನ್ನು ಬಾಯಲ್ಲೇ ಹೇಳಿ ಮುಗಿಸಲಿರುವ
ಲಾಂಡ್ರಿಯವಳು